ಮರಿ ಮನೆ ಸೇರುವ ಮುನ್ನ: ಎಂಟು ವಾರಗಳ ಇತಿಹಾಸ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಒಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಮೇಲೆ ಕಾದಾಡುತ್ತಿರುವ ನಾಯಿ ಮತ್ತು ಕಾಡುಹಂದಿಯ ಕೆತ್ತನೆಯಿದೆ. ಕಾಲ ಕ್ರಿ.ಶ. 949-50. ಕನ್ನಡ ನಾಡಿನಲ್ಲಿ ಯುದ್ಧದಲ್ಲಿ ಸತ್ತವರಿಗೆ, ತುರುಗಳನ್ನು ಬಿಡಿಸುವಾಗ ಮಡಿದವರಿಗೆ ಸಾವಿರಾರು ಕಲ್ಲುಗಳು ನಿಂತಿವೆ. ನಾಯಿಯೊಂದರ ಸಾವಿಗೆ ನಿಂತ ಕಲ್ಲುಗಳಲ್ಲಿ ಇದು ಅತ್ಯಂತ ಪ್ರಸಿದ್ಧವಾದುದು.

ಶಾಸನದ ಕಥೆ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ತಕ್ಕೋಲಂ ಯುದ್ಧದಲ್ಲಿ ಚೋಳರನ್ನು ಸೋಲಿಸಿದರು. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಬೂತುಗನ ಕಡೆಯ ವೀರ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ, ಬೇಕಾದುದನ್ನು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಎದುರು ಕಲ್ಲು ನಿಲ್ಲಿಸಿದ. ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪವೆಲ್ಲ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ.

ಒಡೆಯ ಕೊಟ್ಟದ್ದು, ವೀರ ಪಡೆದದ್ದು, ನಾಯಿ ಸತ್ತದ್ದು ಎಲ್ಲವನ್ನೂ ಶಾಸನ ಹೇಳುತ್ತದೆ. ಆದರೆ ಕಾಳಿಯ ಬಾಲ್ಯದ ಬಗ್ಗೆ ಒಂದು ಮಾತೂ ಇಲ್ಲ. ಹೊಸ ಯಜಮಾನನ ಕೈಗೆ ಬಂದ ಮೇಲೂ ಅವನ ಮಾತಿಗೆ ಓಗೊಟ್ಟು, ಹಂದಿಯ ಕೋರೆಗೆ ಎದೆಯೊಡ್ಡಿದ ನಾಯಿ ತಾನಾಗಿಯೇ ಹಾಗೆ ಆಗಿರಲಾರದು. ಅದನ್ನು ಮರಿಯಾಗಿದ್ದಾಗ ಯಾರೋ ಎತ್ತಿ ಆಡಿಸಿರಬೇಕು. ನಾಯಿ ಮತ್ತು ಮನುಷ್ಯನ ಸಂಬಂಧದ ಇತಿಹಾಸದಲ್ಲಿ ಬಹುಕಾಲ ಬರೆಯದೆ ಉಳಿದ ಅಧ್ಯಾಯ ಇದೇ: ಹುಟ್ಟಿದ ದಿನದಿಂದ ಹೊಸ ಮನೆ ಸೇರುವ ದಿನದವರೆಗಿನ ಸುಮಾರು ಎಂಟು ವಾರ. ಆ ವಾರಗಳಲ್ಲಿ ನಡೆದುದು ನಾಯಿಯ ಇಡೀ ಬದುಕನ್ನು ನಿರ್ಧರಿಸುತ್ತದೆ ಎಂಬುದು ಸ್ಪಷ್ಟವಾಗಿ ಸಾಬೀತಾದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ.

ಶಾಂತಲೆಯ ಕಾಲದ ಗ್ರಂಥ

ಹಾಸನದಿಂದ ಚನ್ನರಾಯಪಟ್ಟಣದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಶಾಂತಿಗ್ರಾಮಕ್ಕೆ ಆ ಹೆಸರು ಬಂದದ್ದು ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯಿಂದ. ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡದ್ದು 1131ರಲ್ಲಿ. ಸರಿಸುಮಾರು ಅದೇ ವರ್ಷಗಳಲ್ಲಿ, ಹೊಯ್ಸಳರು ಹೆಸರಿಗಾದರೂ ಸಾಮಂತರಾಗಿದ್ದ ಕಲ್ಯಾಣದ ಚಾಲುಕ್ಯರ ಅರಮನೆಯಲ್ಲಿ ಒಂದು ದೊಡ್ಡ ಸಂಸ್ಕೃತ ಗ್ರಂಥ ಸಿದ್ಧವಾಯಿತು. ಅದು ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'. ರಾಜನಾದವನು ತಿಳಿದಿರಬೇಕಾದ ಆಡಳಿತ, ವೈದ್ಯ, ಅಡುಗೆ, ಸಂಗೀತ, ಆಟ ಎಲ್ಲವೂ ಅದರಲ್ಲಿವೆ. ಅರಸನ ಇಪ್ಪತ್ತು ವಿನೋದಗಳಲ್ಲಿ 'ಸಾರಮೇಯ ವಿನೋದ'ವೂ ಒಂದು. ಸಾರಮೇಯ ಎಂದರೆ ನಾಯಿ. ಆನೆ, ಕುದುರೆ, ಡೇಗೆಗಳ ಸಾಲಿನಲ್ಲಿ ನಾಯಿಗೂ ಪ್ರತ್ಯೇಕ ಅಧ್ಯಾಯ ದೊರೆತಿರುವುದು ಗಮನಾರ್ಹ.

ಬೇಟೆನಾಯಿ ಆ ಕಾಲದಲ್ಲಿ ಬರೀ ಮೋಜಿನ ಪ್ರಾಣಿಯಾಗಿರಲಿಲ್ಲ. ಕಾಡಿನ ಅಂಚಿನ ಊರುಗಳಿಗೆ ಹಂದಿ ಪೈರಿನ ಶತ್ರು, ಹುಲಿ ಚಿರತೆಗಳು ದನಕುರಿಗಳ ಶತ್ರು. ಒಳ್ಳೆಯ ನಾಯಿ ಇದ್ದವನ ಹೊಲ ಉಳಿಯುತ್ತಿತ್ತು. ಯುದ್ಧ ಗೆದ್ದ ವೀರನೊಬ್ಬ ನಾಯಿಯನ್ನು ಬಹುಮಾನವಾಗಿ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಮರಿಗಳ ಆರೈಕೆ ಇದಕ್ಕಿಂತ ಎಷ್ಟೋ ಹಳೆಯದು. ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸುಮಾರು 14,000 ವರ್ಷ ಹಳೆಯದಾದ ಸಮಾಧಿಯೊಂದು ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆಗೆ ಒಂದು ನಾಯಿಮರಿಯ ಮೂಳೆಗಳೂ ಇದ್ದವು. 2018ರಲ್ಲಿ ಅದರ ಹಲ್ಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಡಿಸ್ಟೆಂಪರ್ ರೋಗದ ಗುರುತುಗಳು ಕಂಡವು. ಏಳು ತಿಂಗಳೂ ತುಂಬದ ಆ ಮರಿ ರೋಗ ತಗುಲಿದ ಮೇಲೂ ಹಲವು ವಾರ ಬದುಕಿತ್ತು. ಯಾರಾದರೂ ಬೆಚ್ಚಗಿಟ್ಟು, ನೀರು ಕುಡಿಸಿ, ಹೊಲಸು ಬಳಿದು ನೋಡಿಕೊಳ್ಳದಿದ್ದರೆ ಅದು ಸಾಧ್ಯವಿರಲಿಲ್ಲ ಎಂಬುದು ಅವರ ತೀರ್ಮಾನ. ಬೇಟೆಗೂ ಕಾವಲಿಗೂ ಬಾರದ ರೋಗಿಷ್ಠ ಮರಿಯನ್ನು ಶಿಲಾಯುಗದ ಮನುಷ್ಯ ಸಾಕಿದ್ದನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗಾದೆಯ ನಾಯಿ, ಗುಡಿಯ ನಾಯಿ

ಕನ್ನಡಿಗರ ಮಾತಿನಲ್ಲಿ ನಾಯಿಗೆ ಎರಡು ಮುಖ. ಗುಡಿಯಲ್ಲಿ ಅದು ಭೈರವನ ಸಂಗಾತಿ. ಹೊಯ್ಸಳ ಶಿಲ್ಪಿಗಳು ಕಡೆದ ಭೈರವನ ಪಕ್ಕದಲ್ಲಿ ನಾಯಿ ಕತ್ತೆತ್ತಿ ನಿಂತಿರುತ್ತದೆ. ಮೈಲಾರಲಿಂಗನ ಒಕ್ಕಲಾದ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ಜಾತ್ರೆಗಳಲ್ಲಿ ಬೊಗಳುತ್ತಾ, ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಉಣ್ಣುವ ಆಚರಣೆಯಿದೆ. ನಿಷ್ಠೆಗೆ ಇದಕ್ಕಿಂತ ದೊಡ್ಡ ಹೋಲಿಕೆ ಅವರಿಗೆ ಕಂಡಿಲ್ಲ.

ಗುಡಿಯಿಂದ ಬೀದಿಗೆ ಬಂದರೆ ಮಾತೇ ಬೇರೆ. 'ನಾಯಿಪಾಡು' ಎಂದರೆ ದುರ್ಗತಿ. 'ನಾಯಿ ಬಾಲ ಎಂದಿದ್ದರೂ ಡೊಂಕು' ಎಂದರೆ ಹುಟ್ಟುಗುಣ ತಿದ್ದಲಾಗದು. ನಾಯಿ ಕಚ್ಚಿದರೆ 'ಅದರ ತಳಿಯೇ ಅಂಥದ್ದು' ಎನ್ನುವುದೂ, ಸಾಧುವಾಗಿದ್ದರೆ 'ಒಳ್ಳೆಯ ಜಾತಿಯದು' ಎನ್ನುವುದೂ ಈ ಗಾದೆಯ ಮುಂದುವರಿಕೆಯೇ. ಬಾಲದ ಮಟ್ಟಿಗೆ ಗಾದೆ ಸರಿಯಿರಬಹುದು. ಸ್ವಭಾವದ ಮಟ್ಟಿಗೆ ಅದು ಅರ್ಧಸತ್ಯವೆಂದು ತಿಳಿಯಬೇಕಾದರೆ ಮರಿಗಳ ಮೊದಲ ದಿನಗಳನ್ನು ಹತ್ತಿರದಿಂದ ನೋಡಬೇಕು.

ಕಣ್ಣು ಬಿಡುವ ಮುನ್ನ

ನಾಯಿಯ ಗರ್ಭ ಸುಮಾರು 63 ದಿನ. ನಮ್ಮ ಊರುಗಳಲ್ಲಿ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬಂದು ಚಳಿಗಾಲದಲ್ಲಿ ಈಯುತ್ತವೆ. ಹುಲ್ಲಿನ ಮೆದೆಯ ಬುಡ, ಸೌದೆ ಒಟ್ಟಿದ ಸಂದು, ಕೊಟ್ಟಿಗೆಯ ಮೂಲೆ, ಮೋರಿಯ ಕೊಳವೆ, ಬೆಚ್ಚಗಿದ್ದು ಗಾಳಿ ಬೀಸದ ಜಾಗ ಸಿಕ್ಕರೆ ಅಲ್ಲೇ ಬಾಣಂತನ.

ಹುಟ್ಟಿದ ಮರಿಗೆ ಕಣ್ಣು ಕಾಣದು, ಕಿವಿ ಕೇಳದು. ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಇಲ್ಲ. ತಾಯಿಯ ಹೊಟ್ಟೆ, ಒಡಹುಟ್ಟಿದವುಗಳ ಮೈ ಇವೇ ಅದರ ಕಂಬಳಿ. ಮೊದಲ ದಿನದ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಅಂಶಗಳಿರುತ್ತವೆ. ಅದು ತಪ್ಪಿದ ಮರಿ ಉಳಿಯುವುದು ಕಷ್ಟ. ಉಚ್ಚೆ, ಹೇಲು ಕೂಡ ತಾಯಿ ನೆಕ್ಕಿದಾಗಲೇ ಆಗುವುದು. ತಾಯಿ ಸತ್ತ ಮರಿಗಳನ್ನು ಸಾಕುವವರು ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಈ ಕೆಲಸವನ್ನು ತಾವೇ ಮಾಡಬೇಕಾಗುತ್ತದೆ. ನಾಯಿಯ ಹಾಲಿನಲ್ಲಿ ಕೊಬ್ಬು, ಸಸಾರಜನಕ ಎರಡೂ ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಬರೀ ಹಸುವಿನ ಹಾಲು ಕುಡಿಸಿದ ಮರಿ ಸೊರಗುವುದು ಇದೇ ಕಾರಣಕ್ಕೆ.

ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ಬಿಡುತ್ತವೆ. ಮೂರನೆಯ ವಾರಕ್ಕೆ ಕಿವಿ ಕೇಳತೊಡಗುತ್ತದೆ, ಹಾಲುಹಲ್ಲು ಮೂಡುತ್ತವೆ, ತೂರಾಡುತ್ತಾ ನಡೆಯುತ್ತವೆ. ನಾಲ್ಕನೆಯ ವಾರದಿಂದ ತೆಳ್ಳಗೆ ಕಲಸಿದ ಅನ್ನವೋ ಗಂಜಿಯೋ ನೆಕ್ಕಬಲ್ಲವು. ಹಲ್ಲು ಚುಚ್ಚತೊಡಗಿದಂತೆ ತಾಯಿ ಎದ್ದು ಹೋಗುವುದನ್ನು ಕಲಿಯುತ್ತದೆ. ಮರಿಗಳು ತಟ್ಟೆಯತ್ತ ತಿರುಗುತ್ತವೆ.

ಇಲ್ಲಿಂದ ಮುಂದಿನದು ಅವುಗಳ ಶಾಲೆ. ಒಂದರ ಮೇಲೊಂದು ಬಿದ್ದು, ಕಿವಿ ಕಚ್ಚಿ, ಬಾಲ ಎಳೆದು ಆಡುವಾಗ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಡುತ್ತದೆ. ತಾಯಿಯೂ ಗುರ್ರೆನ್ನುತ್ತದೆ. ಎಷ್ಟು ಬಲವಾಗಿ ಕಚ್ಚಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಪಾಠ ದೊರೆಯುವುದು ಹೀಗೆ. ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಕಿತ್ತು ತಂದ ಮರಿಗೆ ಈ ಪಾಠ ಅರ್ಧಕ್ಕೇ ನಿಂತಿರುತ್ತದೆ. ಮುಂದೆ ಮನೆಯ ಮಗುವಿನ ಕೈಯನ್ನು ಆಟಕ್ಕೆಂದೇ ಕಚ್ಚಿ ಗಾಯ ಮಾಡುವ ನಾಯಿಗಳಲ್ಲಿ ಇಂಥವು ಅನೇಕ.

ಬೇಲಿಯೊಳಗಿನ ಪ್ರಯೋಗ

ಈ ವಾರಗಳ ಮಹತ್ವವನ್ನು ಅಳೆದು ತೋರಿಸಿದ್ದು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಶಾಲೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಲ್ಲಿ ಐದು ತಳಿಯ ನಾಯಿಗಳನ್ನು ಹುಟ್ಟಿನಿಂದಲೇ ಗಮನಿಸುತ್ತಾ ಹಲವು ವರ್ಷ ಕೆಲಸ ಮಾಡಿದರು. ಅವರ ಗ್ರಂಥ 1965ರಲ್ಲಿ ಪ್ರಕಟವಾಯಿತು.

ಅದಕ್ಕೂ ಮುಂಚೆ, 1961ರಲ್ಲಿ, ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದ್ದರು. ಎತ್ತರದ ಬೇಲಿಯೊಳಗೆ, ಮನುಷ್ಯರ ಮುಖವನ್ನೇ ಕಾಣದಂತೆ ಮರಿಗಳನ್ನು ತಾಯಿಯೊಂದಿಗೆ ಬೆಳೆಯಲು ಬಿಟ್ಟರು. ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೆಯ ವಾರಗಳಲ್ಲಿ ಹೊರತೆಗೆದು ಒಂದು ವಾರ ಮನುಷ್ಯರ ಒಡನಾಟ ಕೊಟ್ಟರು. ಮೂರು ವಾರದ ಮರಿಗಳು ಮನುಷ್ಯನನ್ನು ಕಂಡೊಡನೆ ಹತ್ತಿರ ಬಂದವು. ಏಳು ವಾರದವು ಮೊದಲ ಎರಡು ದಿನ ದೂರವೇ ಉಳಿದು, ಬಳಿಕ ಹೊಂದಿಕೊಂಡವು. ಹದಿನಾಲ್ಕು ವಾರದವರೆಗೆ ಮನುಷ್ಯ ಸಂಪರ್ಕವೇ ಇಲ್ಲದೆ ಬೆಳೆದವು ಮಾತ್ರ ಕಾಡುಪ್ರಾಣಿಗಳಂತಾಗಿದ್ದವು. ಆಮೇಲೆ ಎಷ್ಟು ಓಲೈಸಿದರೂ ಅವುಗಳ ಭಯ ಹೋಗಲಿಲ್ಲ.

ಬೆಳೆದ ಬಗೆ ಒಂದೇ, ಆಹಾರ ಒಂದೇ. ವ್ಯತ್ಯಾಸವಿದ್ದುದು ಮನುಷ್ಯನ ಕೈ ಸೋಕಿದ ದಿನದಲ್ಲಿ. ಮೂರರಿಂದ ಸುಮಾರು ಹನ್ನೆರಡು ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಕಂಡ ಮನುಷ್ಯರು, ಪ್ರಾಣಿಗಳು, ಸದ್ದುಗಳನ್ನು ಅದು ತನ್ನ ಲೋಕಕ್ಕೆ ಸೇರಿದವೆಂದು ಒಪ್ಪಿಕೊಳ್ಳುತ್ತದೆ. ಆಮೇಲೆ ಎದುರಾದ ಹೊಸದೆಲ್ಲ ಮೊದಲು ಅಪಾಯವಾಗಿ ಕಾಣುತ್ತದೆ. ಹೆದರಿದ ನಾಯಿಗೆ ಇರುವುದು ಎರಡೇ ದಾರಿ: ಓಡುವುದು, ಇಲ್ಲವೇ ಕಚ್ಚುವುದು.

ಈ ತಿಳಿವಳಿಕೆ ಮೊದಲು ಉಪಯೋಗಕ್ಕೆ ಬಂದದ್ದು ಅಂಧರಿಗೆ ದಾರಿ ತೋರುವ ನಾಯಿಗಳ ತರಬೇತಿಯಲ್ಲಿ. ಕ್ಯಾಲಿಫೋರ್ನಿಯಾದ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಕ್ಲಾರೆನ್ಸ್ ಫಾಫೆನ್‌ಬರ್ಗರ್ ಅವರಿಗೆ ಒಂದು ಸಂಗತಿ ಕಾಡುತ್ತಿತ್ತು. ಒಳ್ಳೆಯ ತಳಿಯ ಮರಿಗಳೂ ತರಬೇತಿಯಲ್ಲಿ ಸೋಲುತ್ತಿದ್ದವು. ಸ್ಕಾಟ್ ಅವರೊಡನೆ ಸೇರಿ ಹುಡುಕಿದಾಗ ಕಾರಣ ತಿಳಿಯಿತು. ಪರೀಕ್ಷೆ ಮುಗಿದ ಮೇಲೂ ದೊಡ್ಡಿಯಲ್ಲೇ ವಾರಗಟ್ಟಲೆ ಉಳಿದ ಮರಿಗಳು ಕೆಲಸಕ್ಕೆ ಬಾರದಾಗುತ್ತಿದ್ದವು. ಬೇಗ ಸಂಸಾರಗಳ ನಡುವೆ ಸೇರಿದವು ಯಶಸ್ವಿಯಾಗುತ್ತಿದ್ದವು. ಮರಿಗಳನ್ನು ಹಳ್ಳಿಯ ಮಕ್ಕಳ ಕೈಗೆ ಕೊಟ್ಟು ಮನೆಗಳಲ್ಲಿ ಬೆಳೆಸುವ ಪದ್ಧತಿಗೆ ಈ ಅನುಭವ ಬಲ ಕೊಟ್ಟಿತು. ತರಬೇತುದಾರ ಕಲಿಸಲಾಗದ್ದನ್ನು ಶಾಲೆಯಿಂದ ಬಂದು ಮರಿಯೊಡನೆ ಆಡುವ ಮಗು ಕಲಿಸಿತು.

ಮುಧೋಳದಿಂದ ಸೇನೆಗೆ

ಕರ್ನಾಟಕದಲ್ಲಿ ಮರಿಗಳನ್ನು ಬೆಳೆಸಿ ಬೇರೆಯವರ ಕೈಗೊಪ್ಪಿಸುವ ಕೆಲಸ ಸಂಸ್ಥೆಯ ರೂಪ ಪಡೆದಿರುವುದು ಬಾಗಲಕೋಟೆ ಜಿಲ್ಲೆಯಲ್ಲಿ. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮ್ಮ ಸೀಮೆಯ ಕುರಿಗಾಹಿಗಳು, ಬೇಡರು ಸಾಕುತ್ತಿದ್ದ ತೆಳುಮೈಯ, ಉದ್ದಕಾಲಿನ ಓಟಗಾರ ನಾಯಿಗಳನ್ನು ಗಮನಿಸಿ ತಳಿಯನ್ನು ಶುದ್ಧವಾಗಿ ಉಳಿಸಲು ಶ್ರಮಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಅವರು ಕಾಣಿಕೆಯಾಗಿ ಕೊಟ್ಟ ಕಥೆಯನ್ನು ಮುಧೋಳದವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ತಳಿ ಉಳಿದದ್ದು ಅರಮನೆಯಲ್ಲಿ ಮಾತ್ರವಲ್ಲ. ಕುರಿದೊಡ್ಡಿಯ ಪಕ್ಕದ ಗುಡಿಸಲುಗಳಲ್ಲಿ, ಜೋಳದ ರೊಟ್ಟಿ ತಿಂದು, ಕುರಿ ಮತ್ತು ಮಕ್ಕಳ ನಡುವೆ ಬೆಳೆದ ಮರಿಗಳಲ್ಲಿ ಅದು ಉಳಿಯಿತು. ಕುರಿಮರಿಗಳ ಜೊತೆಗೇ ಕಣ್ಣು ಬಿಟ್ಟ ನಾಯಿಗೆ ಕುರಿ ಬೇಟೆಯಲ್ಲ, ಬಳಗ. ಬಾರ್ ಹಾರ್ಬರ್‌ನ ಪ್ರಯೋಗ ಹೇಳಿದ್ದನ್ನು ಕುರುಬರು ಕುರಿಹಟ್ಟಿಯಲ್ಲಿ ಮೊದಲೇ ನಡೆಸಿಕೊಂಡು ಬಂದಿದ್ದರು ಎನ್ನಬಹುದು.

2005ರ ಜನವರಿಯಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಅಂಚೆಚೀಟಿ ಹೊರತಂದಿತು. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದ್ದು, ತಳಿ ಸಂವರ್ಧನೆ ಮಾಡಿ ಮರಿಗಳನ್ನು ಸಾಕುವವರಿಗೆ ಒದಗಿಸುತ್ತದೆ. 2016ರಲ್ಲಿ ಇಲ್ಲಿಯ ಮರಿಗಳು ಮೀರತ್‌ನಲ್ಲಿರುವ ಸೇನೆಯ ಪಶುವೈದ್ಯ ದಳದ ಕೇಂದ್ರಕ್ಕೆ ತರಬೇತಿಗೆ ಹೋದವು. 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ಮುಧೋಳ ನಾಯಿ 'ರಿಯಾ' ವಿದೇಶಿ ತಳಿಗಳನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು.

ಪದಕ ಬಂದಾಗ ತಳಿಯ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಗುಂಡಿನ ಸದ್ದಿಗೆ ಬೆದರದ, ಅಪರಿಚಿತ ಸೈನಿಕನ ಹಗ್ಗಕ್ಕೆ ಕತ್ತು ಕೊಡುವ ನಾಯಿ ತಳಿಯಿಂದಷ್ಟೇ ಆಗುವುದಿಲ್ಲ. ಮುಧೋಳ ನಾಯಿ ಹುಟ್ಟಾ ಸಂಕೋಚದ ಪ್ರಾಣಿ, ಹೊಸಬರು ಮುಟ್ಟುವುದನ್ನು ಇಷ್ಟಪಡದು. ಇಂಥ ತಳಿಗೆ ಮೊದಲ ವಾರಗಳ ಒಡನಾಟ ಇನ್ನಷ್ಟು ಅಗತ್ಯ.

ಬೀದಿಯ ಮರಿಯ ಲೆಕ್ಕ

ಮುಧೋಳದ ಮರಿಗೆ ಬೆಲೆಯಿದೆ, ಕೇಳುವವರಿದ್ದಾರೆ. ಶಾಂತಿಗ್ರಾಮದಂಥ ಊರುಗಳ ಮೆದೆಯ ಬುಡದಲ್ಲಿ ಹುಟ್ಟಿದ ನಾಡ ಮರಿಗೆ ಅದಿಲ್ಲ. ಕೋಲ್ಕತ್ತದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಸಂಗಡಿಗರು ಪಶ್ಚಿಮ ಬಂಗಾಳದ ಬೀದಿನಾಯಿಗಳ 95 ಸೂಲಿನ 364 ಮರಿಗಳನ್ನು ಹಿಂಬಾಲಿಸಿ ಲೆಕ್ಕವಿಟ್ಟರು. 2016ರಲ್ಲಿ ಪ್ರಕಟವಾದ ಅವರ ವರದಿಯಂತೆ, ಪ್ರಾಯಕ್ಕೆ ಬರುವವರೆಗೆ ಉಳಿದದ್ದು ಶೇ 19 ಮಾತ್ರ. ಸತ್ತವುಗಳಲ್ಲಿ ಶೇ 63ರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯನೇ ಕಾರಣ. ಇದೇ ತಂಡದ ಇನ್ನೊಂದು ಅಧ್ಯಯನ, ಈಯುವ ನಾಯಿ ಮನುಷ್ಯರ ಮನೆಗಳ ಸಮೀಪವನ್ನೇ ಆರಿಸಿಕೊಳ್ಳುತ್ತದೆ ಎಂದು ತೋರಿಸಿದೆ. ಯಾರ ನೆರಳನ್ನು ನಂಬಿ ಬಂದು ಮರಿ ಹಾಕುತ್ತದೋ ಅವರಿಂದಲೇ ಹೆಚ್ಚು ಸಾವು.

ಇದರ ಹಿಂದೆ ನಮ್ಮ ಹಳ್ಳಿ ಪಟ್ಟಣಗಳ ಪರಿಚಿತ ರೂಢಿಗಳಿವೆ. ಗಂಡುಮರಿಗಳನ್ನು ಅಕ್ಕಪಕ್ಕದವರು ಆರಿಸಿ ಒಯ್ಯುತ್ತಾರೆ. ಹೆಣ್ಣುಮರಿ ಮುಂದೆ ಈಯುತ್ತದೆಂಬ ಕಾರಣಕ್ಕೆ ಚೀಲದಲ್ಲಿ ಸೇರಿ ಸಂತೆಮಾಳಕ್ಕೋ, ಹೆದ್ದಾರಿ ಪಕ್ಕಕ್ಕೋ, ಊರಾಚೆಯ ಗುಡಿಗೋ ಹೋಗುತ್ತದೆ. ಕಣ್ಣು ಬಿಡುವ ಮುನ್ನ ಬಿಟ್ಟುಬಂದ ಮರಿ ಸಾಯುತ್ತದೆ. ನಾಲ್ಕೈದು ವಾರದ್ದು ಹೇಗೋ ಉಳಿದರೆ, ಕಲ್ಲು ದೊಣ್ಣೆಗಳಿಂದಲೇ ಮನುಷ್ಯನ ಪರಿಚಯವಾಗಿ ಬೆಳೆಯುತ್ತದೆ. ಬೀದಿಯಲ್ಲಿ ಮಕ್ಕಳನ್ನು ಅಟ್ಟಿಸಿಕೊಂಡು ಬರುವ ನಾಯಿಯ ಬಗ್ಗೆ ದೂರುವಾಗ ಅದರ ಐದನೆಯ ವಾರದ ಕಥೆಯನ್ನು ಯಾರೂ ಕೇಳುವುದಿಲ್ಲ. ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಭಯಕ್ಕೆ ಆಸ್ಪದವೇ ಇಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನಿಯಮ ಅನ್ವಯಿಸುವುದು ಮಾರಾಟಗಾರರಿಗೆ. ಅದರ ಹಿಂದಿರುವ ತಿಳಿವಳಿಕೆ, ಪಕ್ಕದ ಮನೆಯಿಂದ ಮರಿ ಕೇಳಿ ತರುವವರಿಗೂ ಅನ್ವಯಿಸುತ್ತದೆ.

ಮನೆಯಲ್ಲಿ ಮಾಡಬಹುದಾದುದು

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಹಳೆಯ ಗೋಣಿಚೀಲ ಹಾಸಿದ, ಗಾಳಿಮಳೆ ಬೀಳದ ಮೂಲೆ ಸಾಕು. ಹಾಲೂಡುವ ತಾಯಿಗೆ ಮಾಮೂಲಿಗಿಂತ ಎರಡು ಮೂರು ಪಟ್ಟು ಊಟ, ಸದಾ ಕುಡಿಯುವ ನೀರು ಬೇಕು. ಬರೀ ಮುದ್ದೆ, ಮಜ್ಜಿಗೆಯಲ್ಲಿ ಅದು ಆಗದು. ಮೊಟ್ಟೆ, ಮಾಂಸ, ಮೀನು ಯಾವುದಾದರೊಂದು ಸೇರಬೇಕು. ಜಂತುಹುಳು ತಾಯಿಯಿಂದಲೇ ಮರಿಗೆ ಬರುವುದರಿಂದ ಎರಡನೆಯ ವಾರದಿಂದ, ಹದಿನೈದು ದಿನಕ್ಕೊಮ್ಮೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧ ಕುಡಿಸಬೇಕು. ಮರಿಯೊಡನೆ ಆಡುವ ಮಕ್ಕಳ ಆರೋಗ್ಯಕ್ಕೂ ಇದು ಅಗತ್ಯ. ಪಾರ್ವೊ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗುತ್ತದೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜು ಹಾಸನದಲ್ಲಿಯೇ ಇರುವುದು ಈ ಸೀಮೆಯವರಿಗೆ ಅನುಕೂಲ.

ಮೂರನೆಯ ವಾರದಿಂದ ದಿನಕ್ಕೆ ಎರಡು ಮೂರು ಸಲ, ಕೆಲವು ನಿಮಿಷ, ಪ್ರತಿ ಮರಿಯನ್ನೂ ಬೇರೆಬೇರೆಯಾಗಿ ಎತ್ತಿಕೊಳ್ಳಬೇಕು. ಮನೆಯ ಹೆಂಗಸರು, ಗಂಡಸರು, ಮಕ್ಕಳು, ಕೋಲೂರಿ ನಡೆಯುವ ಅಜ್ಜ, ಕೊಡೆ ಹಿಡಿದವರು, ಹೆಲ್ಮೆಟ್ ಧರಿಸಿದವರು ಎಲ್ಲರನ್ನೂ ಅವು ನೋಡಬೇಕು. ಕುಕ್ಕರಿನ ಕೂಗು, ಟ್ರ್ಯಾಕ್ಟರಿನ ಸದ್ದು, ದೂರದ ಪಟಾಕಿ ಕಿವಿಗೆ ಬೀಳಲಿ. ಕಟ್ಟಿದ ದನ, ಓಡಾಡುವ ಕೋಳಿ ಕಣ್ಣಿಗೆ ಬೀಳಲಿ. ಹೆದರಿದರೆ ಬಲವಂತ ಬೇಡ, ತಾಯಿಯ ಬಳಿ ಬಿಟ್ಟರೆ ತಾನೇ ಮತ್ತೆ ಬರುತ್ತದೆ. ಮಕ್ಕಳಿಗೂ ಪಾಠವಿದೆ: ಉಣ್ಣುವಾಗ, ಮಲಗಿರುವಾಗ ಮುಟ್ಟಬಾರದು, ಕಾಲು ಹಿಡಿದು ಎತ್ತಬಾರದು.

ಒಂದು ಎಚ್ಚರಿಕೆ ಮರೆಯುವಂತಿಲ್ಲ. ಚಿಕ್ಕ ಮರಿಯ ಹಲ್ಲು ತಗುಲಿದರೂ, ಉಗುರು ಗೀರಿದರೂ ಹುಚ್ಚುನಾಯಿ ರೋಗದ ಸಾಧ್ಯತೆಯನ್ನು ತಳ್ಳಿಹಾಕಬಾರದು. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ. ಸಕಾಲದಲ್ಲಿ ಪಡೆದ ಲಸಿಕೆ ಜೀವ ಉಳಿಸುತ್ತದೆ.

ಎಂಟು ವಾರ ತುಂಬಿದ ಮೇಲೆ ಮರಿ ಕೇಳಲು ಬಂದವರ ಕೈಗೆ ಅದನ್ನು ಸುಮ್ಮನೆ ಇಡುವ ಬದಲು ಎರಡು ಮಾತು ಕೇಳುವುದು ಒಳ್ಳೆಯದು: ಮನೆಯಲ್ಲಿ ಹಗಲು ಯಾರಿರುತ್ತಾರೆ, ಸರಪಳಿಯಲ್ಲಿ ಕಟ್ಟಿಯೇ ಹಾಕುವಿರಾ? ತಾಯಿಯ ವಾಸನೆ ಹತ್ತಿದ ಒಂದು ತುಂಡು ಬಟ್ಟೆ, ಲಸಿಕೆಯ ಚೀಟಿ, ನಾಲ್ಕು ದಿನ ತಿನ್ನುವಷ್ಟು ರೂಢಿಯ ಆಹಾರ ಜೊತೆಗೆ ಕಳುಹಿಸಿದರೆ ಹೊಸ ಮನೆಯ ಮೊದಲ ರಾತ್ರಿಗಳ ಅಳು ಕಡಿಮೆಯಾಗುತ್ತದೆ. ಹೆಣ್ಣುಮರಿಯಾದರೆ, ಆರು ತಿಂಗಳಿಗೆ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಕಾಣುವಂತೆ ಕೊಡುವಾಗಲೇ ಹೇಳಬೇಕು. ಕಾಳಿಗೆ ಸಾವಿನ ನಂತರ ಕಲ್ಲು, ಭೂಮಿ, ಪೂಜೆ ಎಲ್ಲ ದೊರೆತವು. ಮೆದೆಯ ಬುಡದ ಮರಿಗೆ ಬೇಕಾದುದು ಬದುಕಿರುವಾಗಿನ ಎಂಟು ವಾರ, ಅದು ಕೂಡ ಹೆಚ್ಚಾಗಿ ತಾಯಿಯೇ ಕೊಡುವಂಥದ್ದು. ಮನೆಯವರು ಅದನ್ನು ತಪ್ಪಿಸದಿದ್ದರೆ, ದಿನಕ್ಕೆ ಅರ್ಧ ಗಂಟೆ ಜೊತೆಗೆ ಕುಳಿತರೆ ಸಾಕು.